ಜಾನ್ ಬಸಿಲೋನ್: ಮರಳಿ ರಣರಂಗಕ್ಕೆ ಹೋದ ಮರೀನ್

ಸಹೃದಯರೇ,

‘ಮರೀನ್’ ಎಂಬುದಕ್ಕೆ ನಮ್ಮಲ್ಲಿ ಬಳಕೆಯ ಕನ್ನಡ ಮಾತಿಲ್ಲ; ಹಡಗಿನಲ್ಲಿ ಸಾಗಿ, ಶತ್ರುವಿನ ಕರಾವಳಿಯಲ್ಲಿ ಇಳಿದು, ನೆಲದ ಮೇಲೆ ಕಾದಾಡುವ ಯೋಧ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಅಮೆರಿಕದ ಅಂಥ ಪಡೆಯಲ್ಲಿದ್ದ ಜಾನ್ ಬಸಿಲೋನ್ ಎರಡನೆಯ ಮಹಾಯುದ್ಧದಲ್ಲಿ ಶೌರ್ಯಕ್ಕಾಗಿ ಆ ದೇಶ ಕೊಡುವ ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರ್ ಮತ್ತು ಅದರ ನಂತರದ ಸ್ಥಾನದ ನೇವಿ ಕ್ರಾಸ್ ಎರಡನ್ನೂ ಪಡೆದವರು. ಅಧಿಕಾರಿ ದರ್ಜೆಯಲ್ಲಿಲ್ಲದ ಮರೀನ್‌ಗಳಲ್ಲಿ ಈ ಗೌರವ ಸಂದದ್ದು ಅವರೊಬ್ಬರಿಗೇ. ಆ ಎರಡು ಪದಕಗಳ ನಡುವೆ ಅವರು ಕೈಗೊಂಡ ಒಂದು ನಿರ್ಧಾರ ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿಟ್ಟಿದೆ.

ಅವರು ಹುಟ್ಟಿದ್ದು 1916ರಲ್ಲಿ, ಬಫಲೋ ನಗರದಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ರಾರಿಟನ್ ಎಂಬ ಪುಟ್ಟ ಊರಿನಲ್ಲಿ. ತಂದೆ ಇಟಲಿಯಿಂದ ವಲಸೆ ಬಂದ ದರ್ಜಿ. ಹತ್ತು ಮಕ್ಕಳ ಸಂಸಾರ. ಮೊದಲು ಭೂಸೇನೆಗೆ ಸೇರಿ ಫಿಲಿಪ್ಪೀನ್ಸ್‌ನಲ್ಲಿದ್ದರು, ಮರಳಿ ಬಂದು ಲಾರಿ ಓಡಿಸಿದರು, 1940ರಲ್ಲಿ ಮರೀನ್ ಪಡೆ ಸೇರಿದರು.

1942ರ ಅಕ್ಟೋಬರ್ 24ರ ರಾತ್ರಿ ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಅಮೆರಿಕದ ಕೈಸೇರಿದ್ದ ಹೆಂಡರ್ಸನ್ ವಿಮಾನನೆಲೆಯನ್ನು ಮರಳಿ ವಶಪಡಿಸಿಕೊಳ್ಳಲು ಜಪಾನಿನ ಸೆಂಡಾಯ್ ಡಿವಿಷನ್ ಕಾಡಿನೊಳಗಿಂದ ಅಲೆಅಲೆಯಾಗಿ ನುಗ್ಗಿತು. ಎದುರಿಗಿದ್ದದ್ದು ಲೆಫ್ಟಿನೆಂಟ್ ಕರ್ನಲ್ ಪುಲ್ಲರ್ ಅವರ ಬೆಟಾಲಿಯನ್. ಅದರ ಭಾರಿ ಮಷೀನ್‌ಗನ್‌ಗಳ ಎರಡು ತುಕಡಿಗಳು ಸಾರ್ಜೆಂಟ್ ಬಸಿಲೋನ್ ಅವರ ಕೈಯಲ್ಲಿದ್ದವು. ಒಂದು ತುಕಡಿಯಲ್ಲಿ ಇಬ್ಬರ ಹೊರತು ಉಳಿದವರೆಲ್ಲ ಉರುಳಿಬಿದ್ದಾಗ, ಅವರು ಇನ್ನೊಂದು ಗನ್ನನ್ನು ಅಲ್ಲಿಗೆ ಸಾಗಿಸಿ ನಿಲ್ಲಿಸಿದರು. ಆ ಬ್ರೌನಿಂಗ್ ಗನ್, ಅದರ ಮುಕ್ಕಾಲಿ, ನಳಿಗೆಯನ್ನು ತಂಪಾಗಿಡುವ ನೀರು ಎಲ್ಲ ಸೇರಿದರೆ 40 ಕಿಲೋ ದಾಟುತ್ತದೆ. ಕೆಟ್ಟುನಿಂತಿದ್ದ ಮತ್ತೊಂದು ಗನ್ನನ್ನು ಗುಂಡಿನ ಮಳೆಯ ನಡುವೆಯೇ ರಿಪೇರಿ ಮಾಡಿ, ತಾವೇ ಅದರ ಹಿಂದೆ ಕುಳಿತರು. ಕತ್ತಲಲ್ಲಿ, ಕೆಸರಿನಲ್ಲಿ, ಯಾವ ಬಿಡಿಭಾಗ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಬೆರಳುಗಳೇ ಬಲ್ಲವಾಗಿರಬೇಕು. ಅಷ್ಟು ಪಳಗಿದ ಕೈಯಿಲ್ಲದಿದ್ದರೆ ಬರಿಯ ಎದೆಗಾರಿಕೆ ಆ ರಾತ್ರಿ ಯಾರನ್ನೂ ಉಳಿಸುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. ಗುಂಡುಗಳು ಮುಗಿಯುತ್ತ ಬಂದು, ಹಿಂದಿನ ದಾರಿಯೂ ಕಡಿದುಹೋದಾಗ, ಶತ್ರುಗಳ ಸಾಲನ್ನೇ ಸೀಳಿಕೊಂಡು ಹೋಗಿ ಗುಂಡುಗಳನ್ನು ಹೊತ್ತು ತಂದರು. ವಿಮಾನನೆಲೆ ಉಳಿಯಿತು.

ಮೆಡಲ್ ಆಫ್ ಆನರ್ ಬಂತು. ಸರ್ಕಾರ ಅವರನ್ನು ತಾಯ್ನಾಡಿಗೆ ಕರೆಸಿ, ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತುವ ಯುದ್ಧ ಬಾಂಡ್‌ಗಳ ಮಾರಾಟಕ್ಕಾಗಿ ಊರೂರು ಸುತ್ತಿಸಿತು. 1943ರ ಸೆಪ್ಟೆಂಬರ್‌ನಲ್ಲಿ ರಾರಿಟನ್ ತನ್ನ ಮಗನನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಿತು. ಊರಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಜನ ನೆರೆದಿದ್ದರು. ಅಧಿಕಾರಿ ಹುದ್ದೆ ಕೊಡುತ್ತೇವೆಂದರೂ ಅವರು ಒಪ್ಪಲಿಲ್ಲ, ತರಬೇತುದಾರರಾಗಿ ತಾಯ್ನಾಡಿನಲ್ಲೇ ಉಳಿಯಿರಿ ಎಂದರೂ ಒಪ್ಪಲಿಲ್ಲ. ತಮ್ಮನ್ನು ಮತ್ತೆ ಹೋರಾಡುವ ಪಡೆಗೇ ಕಳಿಸಬೇಕೆಂದು ಕೇಳಿಕೊಳ್ಳುತ್ತಲೇ ಹೋದರು. ಕೀರ್ತಿಯ ಹಂಬಲದಿಂದ ಹೀಗೆ ಮಾಡಿದರೆಂದು ಹೇಳಲು ನನಗೆ ಮನಸ್ಸೊಪ್ಪುವುದಿಲ್ಲ, ಏಕೆಂದರೆ ಕೀರ್ತಿ ಆಗಲೇ ಕೈತುಂಬ ಇತ್ತು. ತಮ್ಮಂಥ ಹುಡುಗರು ದ್ವೀಪಗಳಲ್ಲಿ ಸಾಯುತ್ತಿರುವಾಗ ವೇದಿಕೆಯ ಮೇಲೆ ಚಪ್ಪಾಳೆ ಸ್ವೀಕರಿಸುವುದು ಅವರಿಗೆ ಭಾರವಾಗಿತ್ತು.

ಕ್ಯಾಲಿಫೋರ್ನಿಯದ ಕ್ಯಾಂಪ್ ಪೆಂಡಲ್‌ಟನ್‌ನಲ್ಲಿ ಅವರಿಗೆ ಲೀನಾ ರಿಗ್ಗಿ ಪರಿಚಯವಾದರು. ಅವರೂ ಮರೀನ್ ಪಡೆಯ ಮಹಿಳಾ ವಿಭಾಗದಲ್ಲಿ ಸಾರ್ಜೆಂಟ್. 1944ರ ಜುಲೈ 10ರಂದು ಮದುವೆಯಾಯಿತು. ಕೆಲವೇ ವಾರಗಳಲ್ಲಿ ಪತಿ ಹಡಗು ಹತ್ತಿದರು.

1945ರ ಫೆಬ್ರುವರಿ 19ರಂದು, ಜಪಾನಿನ ಇವೋಜಿಮಾ ದ್ವೀಪದ ಮೇಲಿನ ದಾಳಿಯ ಮೊದಲ ದಿನವೇ, ಬಸಿಲೋನ್ ದಡಕ್ಕಿಳಿದರು. ಹೆಜ್ಜೆಯಿಟ್ಟರೆ ಕಾಲು ಹೂತುಹೋಗುವ ಕಪ್ಪು ಜ್ವಾಲಾಮುಖಿ ಮರಳು. ಶತ್ರುಗಳ ಕಾಂಕ್ರೀಟ್ ಬಂಕರ್ ಒಂದರಿಂದ ಬರುತ್ತಿದ್ದ ಗುಂಡುಗಳಿಗೆ ಅವರ ಕಂಪನಿ ಅಲ್ಲೇ ನೆಲಕಚ್ಚಿತ್ತು. ಅವರು ಬದಿಯಿಂದ ಬಳಸಿ ಅದರ ನೆತ್ತಿಗೇರಿ, ಗ್ರೆನೇಡ್ ಮತ್ತು ಸ್ಫೋಟಕಗಳಿಂದ ಒಬ್ಬರೇ ಅದನ್ನು ನಾಶಮಾಡಿದರು. ಬಳಿಕ ನೆಲಬಾಂಬುಗಳ ನಡುವೆ ಸಿಕ್ಕಿಕೊಂಡಿದ್ದ ಟ್ಯಾಂಕೊಂದಕ್ಕೆ ದಾರಿ ತೋರಿಸಿ ಹೊರತಂದರು. ವಿಮಾನಪಟ್ಟಿಯ ಅಂಚನ್ನು ಸಮೀಪಿಸುವಾಗ ಮಾರ್ಟರ್ ಶೆಲ್ ಸಿಡಿದು ಮಡಿದರು. ಆಗ ಅವರಿಗೆ 28 ವರ್ಷ. ನೇವಿ ಕ್ರಾಸ್ ಬಂದದ್ದು ಮರಣಾನಂತರ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ಹೆಸರಿನ ಯುದ್ಧನೌಕೆಯನ್ನು ನೀರಿಗಿಳಿಸಿದವರು ಲೀನಾ. ಅವರು 1999ರವರೆಗೆ ಬದುಕಿದ್ದರು, ಮರುಮದುವೆಯಾಗಲಿಲ್ಲ.