ಶೂನ್ಯ ಟಿಕೆಟ್ಟಿನ ಪೂರ್ತಿ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಬೆಳಗಿನ ಜಾವ ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣಕ್ಕೆ ಹೋದರೆ, ಕನಕಾಂಬರದ ಬುಟ್ಟಿಗೆ ಒದ್ದೆ ಗೋಣಿ ಹೊದಿಸಿಕೊಂಡು ಮೊದಲ ಬಸ್ಸಿಗೆ ಕಾಯುವ ಹೆಂಗಸರು ಕಾಣಿಸುತ್ತಾರೆ. ಬಸ್ಸು ಹತ್ತಿದೊಡನೆ ಅವರು ಆಧಾರ್ ಕಾರ್ಡು ತೋರಿಸುತ್ತಾರೆ, ಕಂಡಕ್ಟರು ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಹೀಗೆ ಟಿಕೆಟ್ಟಿಗೆ ಕೊಡದೆ ಉಳಿದ ದುಡ್ಡು ಮಕ್ಕಳ ನೋಟ್‌ಬುಕ್ಕಿಗೋ ಔಷಧಿಗೋ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಸೌಲಭ್ಯ ಬೇಡವೆನ್ನುವುದು ನನ್ನ ವಾದವಲ್ಲ. ಇದರ ಖರ್ಚು ಯಾರ ಜೇಬಿನಿಂದ, ಯಾವ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಜನರಿಗೆ ಪೂರ್ತಿಯಾಗಿ ಹೇಳಬೇಕು ಎಂಬುದೇ ನನ್ನ ಆಗ್ರಹ.

ಎಲ್ಲರಿಗೂ ಕಾಣುವ ಲೆಕ್ಕ ಬಜೆಟ್ಟಿನದು. 2024-25ರಲ್ಲಿ 5,015 ಕೋಟಿ ರೂಪಾಯಿ, 2025-26ರಲ್ಲಿ 5,300 ಕೋಟಿ ರೂಪಾಯಿ ಈ ಯೋಜನೆಗೆ ಇಡಲಾಯಿತು. ಈ 5,300 ಕೋಟಿಯನ್ನು ದಿನಕ್ಕೆ ಹಂಚಿದರೆ ಹದಿನಾಲ್ಕೂವರೆ ಕೋಟಿ. ಮಹಿಳೆಯರು ಪ್ರಯಾಣಿಸಿದ ದೂರದ ಟಿಕೆಟ್ ದರವನ್ನು ಒಟ್ಟುಗೂಡಿಸಿ ನಾಲ್ಕು ಸಾರಿಗೆ ನಿಗಮಗಳು ಸರ್ಕಾರದಿಂದ ಹಣ ಕೇಳುತ್ತವೆ. ಕಾಗದದ ಮೇಲೆ ಇದರಲ್ಲಿ ಯಾವ ತೊಡಕೂ ಇಲ್ಲ.

ತೊಡಕಿರುವುದು ಹಣ ಕೈಸೇರುವ ಹೊತ್ತಿನಲ್ಲಿ. ಡಿಪೋದಿಂದ ಬಸ್ಸು ಹೊರಡಲು ಡೀಸೆಲ್ ಈ ಹೊತ್ತೇ ಬೇಕು, ಟೈರು ಸವೆದರೆ ಈ ವಾರವೇ ಬದಲಿಸಬೇಕು, ಸಂಬಳ ತಿಂಗಳ ಮೊದಲಿಗೇ ಆಗಬೇಕು. ಮೊದಲಾದರೆ ಕಂಡಕ್ಟರು ಸಂಜೆ ಕಟ್ಟುತ್ತಿದ್ದ ದುಡ್ಡೇ ಮರುದಿನದ ಬಂಡವಾಳವಾಗುತ್ತಿತ್ತು. ಈಗ ಅದರ ದೊಡ್ಡ ಪಾಲು ಸರ್ಕಾರದ ಮಂಜೂರಾತಿಗೆ ಕಾಯಬೇಕು. ನಿಗಮಗಳ ಸಾಲ, ಬಾಕಿಗಳೆಲ್ಲ ಶಕ್ತಿಯಿಂದಲೇ ಹುಟ್ಟಿದವು ಎನ್ನುವುದು ಅನ್ಯಾಯ. ಕೋವಿಡ್ ಕಾಲದ ಪೆಟ್ಟು ಅವುಗಳ ಬೆನ್ನ ಮೇಲೆ ಆಗಲೇ ಇತ್ತು. ಆದರೂ ಭವಿಷ್ಯ ನಿಧಿಯ ಬಾಕಿ, ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಅನುಮತಿ ಕೊಡಬೇಕಾಗಿ ಬಂದದ್ದು ಯೋಜನೆ ಜಾರಿಯಲ್ಲಿದ್ದಾಗಲೇ. ಬಡ್ಡಿ ಶೇಕಡಾ 8 ಎಂದು ಇಟ್ಟುಕೊಂಡರೂ ವರ್ಷಕ್ಕೆ 160 ಕೋಟಿಯಾಗುತ್ತದೆ. ಇಂಥ ಬಡ್ಡಿ ಶಕ್ತಿಯ 5,300 ಕೋಟಿಯ ಸಾಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ, ಆದರೆ ಕೊನೆಗೆ ತೀರಿಸುವವರು ತೆರಿಗೆದಾರರೇ. 38 ತಿಂಗಳ ವೇತನ ಹಿಂಬಾಕಿ ಕೇಳಿ ನೌಕರರು 2025ರ ಆಗಸ್ಟ್ 5ರಂದು ಮುಷ್ಕರ ಹೂಡಿದರು. ಆ ಬಾಕಿ ಶಕ್ತಿಗಿಂತ ಹಳೆಯದು, ನಿಜ. ಆದರೆ ತುಂಬಿ ತುಳುಕುವ ಬಸ್ಸಿನಲ್ಲಿ ಜನರ ನಡುವೆ ನುಸುಳಿಕೊಂಡು ಟಿಕೆಟ್ ಕೊಡುವ ಕಂಡಕ್ಟರಿಗೆ ಸಲ್ಲಬೇಕಾದ ಹಣ ತಡೆದಿಟ್ಟರೆ ಅದೂ ಒಂದು ಸಾಲವೇ.

ಇನ್ನು ಡೀಸೆಲ್ ವಿಚಾರ. ನನ್ನನ್ನು ಹೆಚ್ಚು ಕಾಡುವುದು ಇದೇ. ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿಸಿತು. ಈ ನಡುವೆ, 2025ರ ಜನವರಿ 5ರಿಂದ, ಬಸ್ ದರ ಶೇಕಡಾ 15ರಷ್ಟು ಏರಿತು. ಇಂಧನದ ಖರ್ಚು ಹೆಚ್ಚಿದ್ದನ್ನೂ ಅದಕ್ಕೆ ಕಾರಣವಾಗಿ ಹೇಳಲಾಯಿತು. ಹೂವಿನ ಬುಟ್ಟಿಯ ಆ ತಾಯಿ ಟಿಕೆಟ್ಟಿಗೆ ದುಡ್ಡು ಕೊಡುವುದಿಲ್ಲ, ಆದರೆ ಅದೇ ಬಸ್ಸಿನಲ್ಲಿ ಗಾರೆ ಕೆಲಸಕ್ಕೆ ಹೋಗುವ ಅವರ ಗಂಡ ಮೊದಲಿನ ನೂರು ರೂಪಾಯಿಗೆ ನೂರಹದಿನೈದು ಕೊಡಬೇಕು. ಮನೆಗೆ ಬರುವ ತರಕಾರಿಯ ಬೆಲೆಯಲ್ಲೂ ಲಾರಿಯ ಡೀಸೆಲ್ ಸೇರಿರುತ್ತದೆ. ಹೆಂಡತಿಗೆ ಉಳಿದದ್ದೆಷ್ಟು, ಸಂಸಾರದಿಂದ ಹೋದದ್ದೆಷ್ಟು ಎಂದು ಕೂಡಿ ಕಳೆದು ನೋಡುವ ಕೆಲಸವನ್ನು ಸರ್ಕಾರವೇ ಮಾಡಿ ತೋರಿಸಬೇಕು.

ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದ ಸಾರಿಗೆಯನ್ನು ಉಚಿತ ಮಾಡಿತು ಎಂದು ಹಲವರು ಉದಾಹರಣೆ ಕೊಡುತ್ತಾರೆ. ಅಲ್ಲಿ ಟಿಕೆಟ್ಟಿನಿಂದ ಬರುತ್ತಿದ್ದದ್ದು ಒಟ್ಟು ವೆಚ್ಚದ ಹತ್ತನೆಯ ಒಂದು ಪಾಲಿಗೂ ಕಡಿಮೆ. ಉಳಿದದ್ದನ್ನು ಖಜಾನೆ ಮೊದಲೇ ಭರಿಸುತ್ತಿತ್ತು. ನಮ್ಮ ನಿಗಮಗಳು ಬದುಕುತ್ತಿದ್ದದ್ದೇ ಟಿಕೆಟ್ಟಿನ ದುಡ್ಡಿನ ಮೇಲೆ. ಹೋಲಿಕೆ ಸರಿಹೊಂದುವುದಿಲ್ಲ.

ಇನ್ನೊಂದು ವೆಚ್ಚವಿದೆ; ಅದನ್ನು ತೆರುವವರಿಗೆ ಉಚಿತ ಬಸ್ಸೂ ಸಿಗುವುದಿಲ್ಲ. ಶೂನ್ಯ ಟಿಕೆಟ್ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಉಡುಪಿ, ದಕ್ಷಿಣ ಕನ್ನಡದ ಬಹಳಷ್ಟು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಮಹಿಳಾ ಉದ್ಯೋಗಿಯೊಬ್ಬರು ಉಚಿತವಾಗಿ ಕಚೇರಿಗೆ ಹೋಗಬಹುದು. ಉಡುಪಿಯ ಮಲ್ಪೆ ಬಂದರಿನಲ್ಲಿ ಬಂಗುಡೆ, ಬೂತಾಯಿ ಮೀನು ಕೊಂಡು ಊರೂರಿಗೆ ಮಾರಲು ಹೋಗುವ ಹೆಂಗಸು ಖಾಸಗಿ ಬಸ್ಸಿನ ಮೆಟ್ಟಿಲಲ್ಲಿ ನಿಂತು ನಿರ್ವಾಹಕರ ಕೈಗೆ ಪೂರ್ತಿ ದರ ಎಣಿಸುತ್ತಾರೆ. ಆ ಬಸ್ಸಿನ ಡೀಸೆಲ್ಲಿಗೂ ತೆರಿಗೆ ಶೇಕಡಾ 21.17. ತಮ್ಮ ಪ್ರಯಾಣಕ್ಕೂ ಬೇರೆಯವರ ಪ್ರಯಾಣಕ್ಕೂ ಸೇರಿಸಿ ಅವರು ಕೊಡುತ್ತಿರುವ ದುಡ್ಡನ್ನು ಯಾವ ಬಜೆಟ್ ಪುಟದಲ್ಲೂ ಈವರೆಗೆ ಬರೆದಿಲ್ಲ. ಮುಂದಿನ ವರ್ಷದ ಶಕ್ತಿಯ ಮೊತ್ತವನ್ನು ವಿಧಾನಸೌಧದಲ್ಲಿ ಓದಿ ಹೇಳುವಾಗ, ಅದರ ಪಕ್ಕದಲ್ಲಿ ನಿಗಮಗಳಿಗೆ ಕೊಡದೆ ಉಳಿಸಿಕೊಂಡ ಬಾಕಿ, ಸಾಲದ ಬಡ್ಡಿ, ಶೂನ್ಯ ಟಿಕೆಟ್ ತಲುಪದ ಊರುಗಳ ಪಟ್ಟಿ, ಈ ಮೂರನ್ನೂ ಇಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ನಮಸ್ಕಾರ.