ಶಾಲೆ ಬಿಡಬೇಕಾದವರು ಯಾರು?

ಕೇಳುಗರಿಗೆ ನಮಸ್ಕಾರ.

ದೋಸೆಗೆ ನೆನೆಹಾಕುವ ಹೊತ್ತು. ಶಾಲೆ ಬಿಡಿಸಿದ ಎಂಟು ವರ್ಷದ ಮಗಳು ಮೂರು ಪಾವು ಅಕ್ಕಿ, ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ ಅಳೆದು ಹಾಕುತ್ತಿದ್ದಾಳೆ. ಅಮ್ಮನಿಗೆ ಸುಮ್ಮನಿರಲಾಗದು. "ಹಾಗಾದ್ರೆ ಒಂಬತ್ತು ಪಾವು ಅಕ್ಕಿಗೆ ಉದ್ದು ಎಷ್ಟು, ಹೇಳು ನೋಡೋಣ?" ಮಗಳು ಪಾವನ್ನು ಅಲ್ಲೇ ಇಟ್ಟು ಎದ್ದು ಹೋಗುತ್ತಾಳೆ. ಲೆಕ್ಕ ಅವಳಿಗೆ ಬರುತ್ತದೆ. ಅಡುಗೆಮನೆ ಪರೀಕ್ಷೆಯ ಕೋಣೆಯಾಗಿಬಿಟ್ಟಿತು, ಅಷ್ಟೆ.

ಪಠ್ಯ, ವೇಳಾಪಟ್ಟಿ, ಅಂಕ ಯಾವುದೂ ಇಲ್ಲದೆ ಬದುಕಿನ ನಡುವೆಯೇ ಕಲಿಯುವುದಕ್ಕೆ ಅನ್‌ಸ್ಕೂಲಿಂಗ್ ಎನ್ನುತ್ತಾರೆ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1977ರಲ್ಲಿ ತಮ್ಮ ಪತ್ರಿಕೆಯ ಮೂಲಕ ಈ ಪದವನ್ನು ಬಳಕೆಗೆ ತಂದರು. ಇದನ್ನು ಅನುಸರಿಸುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಶಾಲೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ, ಶಾಲೆಯ ಅಭ್ಯಾಸ ಕಳಚಿಕೊಳ್ಳಲು, ಒಂದು ತಿಂಗಳ ಬಿಡುವು. ಮೂರು ವರ್ಷ ಹೋದ ಮಗುವಿಗೆ ಮೂರು ತಿಂಗಳು. ಅದೇ ಲೆಕ್ಕದಲ್ಲಿ ಹದಿನಾರು ವರ್ಷ ಓದಿದ ಅಪ್ಪ ಅಮ್ಮನಿಗೆ ಒಂದು ವರ್ಷ ನಾಲ್ಕು ತಿಂಗಳು ಬೇಕು! ನಗು ಬರಬಹುದು, ಆದರೆ ಹೆಚ್ಚು ಹೊತ್ತು ಹಿಡಿಯುವುದು ದೊಡ್ಡವರಿಗೇ.

ಈ ಬಿಡುವಿನಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾ ರಾತ್ರಿ ಮೂರು ನಾಲ್ಕು ಸಾಲು, ಕಂಡದ್ದು ಮಾತ್ರ. "ಸೋಮಾರಿ" ಎಂದು ಬರೆಯಬೇಡಿ. "ಹನ್ನೊಂದರವರೆಗೆ ಮಂಚದ ಮೇಲೆ ಮಲಗಿ ಕಾಮಿಕ್ಸ್ ಓದಿದ" ಎಂದು ಬರೆಯಿರಿ. ಗಣಿತ, ವಿಜ್ಞಾನ ಅಂತ ಕಾಲಂ ಹಾಕಿದಿರೋ, ಅದು ಪ್ರೋಗ್ರೆಸ್ ಕಾರ್ಡೇ ಆಯಿತು. ಆರು ವಾರ ಬಿಟ್ಟು ಒಮ್ಮೆಲೇ ಓದಿ. ಮಗ ಚುರುಕಾಗುವುದೇ ರಾತ್ರಿ ಎಂಟರ ಮೇಲೆ, ಮಗಳಿಗೆ ಮಿಕ್ಸಿ ಬಿಚ್ಚುವ ಅಪ್ಪನ ಪಕ್ಕ ಕೂರುವುದೇ ಇಷ್ಟ, ಅಜ್ಜಿಗೆ ಹಾಲಿನ ಲೆಕ್ಕ ಬಾಯಲ್ಲೇ ಇದೆ ಎಂಬುದೆಲ್ಲ ಆಗ ಕಾಣುತ್ತದೆ. ನಿಮ್ಮ ಮನೆಯ ನಿಜವಾದ ವೇಳಾಪಟ್ಟಿ ಅದು. ಪಕ್ಕದ ಮನೆಯದಕ್ಕೆ ಹೋಲದಿದ್ದರೆ ಹೋಲದಿರಲಿ.

ಸಾಮಾನ್ಯವಾಗಿ ಕೆಡುವುದು ಮೊದಮೊದಲ ವಾರಗಳಲ್ಲೇ. ಅಮ್ಮ ಹೆದರಿ ವರ್ಕ್‌ಬುಕ್ ತರಿಸುತ್ತಾರೆ, ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಇವತ್ತೇನು ಕಲಿತೆ?" ಎನ್ನುತ್ತಾರೆ. ಬದಲಿಗೆ ಅವತ್ತು ತಾವೇನು ಮಾಡಿದೆವೆಂದು ಹೇಳಿ ನೋಡಲಿ. ಮಗು ತನ್ನದನ್ನೂ ತಾನಾಗಿ ಹೇಳುವುದುಂಟು. ಭಯದ ಮಾತಿಗೆ ವಾರಕ್ಕೊಮ್ಮೆ ಇಬ್ಬರೇ ಇಪ್ಪತ್ತು ನಿಮಿಷ ಕೂರಿ, ಮಗುವಿನ ಕಿವಿಗೆ ಬೀಳದಂತೆ. ಮದುವೆ ಮನೆಯಲ್ಲಿ "ಯಾವ ಕ್ಲಾಸು ಪುಟ್ಟಾ?" ಎಂದರೆ "ಮನೇಲೇ ಕಲೀತಿದೀನಿ" ಎಂದರೆ ಸಾಕು. "ಹಾಡಿ ತೋರಿಸು" ಎಂದು ಮಗುವನ್ನು ಮುಂದೆ ತಳ್ಳಬೇಡಿ.

ಹಾಗೆಂದು ಕಣ್ಣು ಮುಚ್ಚಿ ಕೂರುವಂತಿಲ್ಲ. ಒಂಬತ್ತು ವರ್ಷಕ್ಕೂ ಅಕ್ಷರ ಕಲಸಿಹೋಗುತ್ತಿದ್ದರೆ ಕಣ್ಣು, ಕಿವಿ, ಕಲಿಕೆಯ ತೊಡಕು ಮೂರನ್ನೂ ತಪಾಸಣೆ ಮಾಡಿಸಿ.

ಸರ್ಟಿಫಿಕೇಟಿನ ಚಿಂತೆಯೇ? ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿಯಾದ ಎನ್‌ಐಓಎಸ್‌ನಲ್ಲಿ ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ ದಾಖಲಾಗಲು 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು, ಅದಕ್ಕೆ ಐದು ವರ್ಷ ಅವಕಾಶ, ಒಂದೊಂದಾಗಿಯೂ ಬರೆಯಬಹುದು. ಎಂಟು ವರ್ಷದವಳಿಗೆ ಅದಕ್ಕಿನ್ನೂ ಆರು ವರ್ಷವಿದೆ. ನಾಳೆ ಅವಳು ಮತ್ತೆ ಪಾವು ಹಿಡಿದು ಬಂದರೆ, ಅಕ್ಕಿ ಡಬ್ಬ ಮುಂದಿಟ್ಟು ಸುಮ್ಮನಿರಿ.