ಕೈ ನಡುಗಿದ್ದಲ್ಲ ಸ್ವಾಮಿ, ಫೋಕಸ್ ತಪ್ಪಿದ್ದು

ನಮಸ್ಕಾರ. ರೇಂಜ್‌ಫೈಂಡರ್ ಅಂದರೆ ಕಣ್ಣಿಟ್ಟು ನೋಡುವ ಕಿಟಕಿಯಲ್ಲಿ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ. ಅದು ಇರುವವರು ಇಬ್ಬರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಇದರಲ್ಲಿ ಕನ್ನಡಿ ಇಲ್ಲ, ಎಷ್ಟು ನಿಧಾನದ ಶಟರ್ ಇಟ್ಟರೂ ಕೈಯಲ್ಲೇ ಹೊಡೆಯಬಹುದು." 35 ಎಂಎಂ ಲೆನ್ಸ್ ಇದ್ದಾಗ ಒಪ್ಪುತ್ತೇನೆ. 90 ಹಾಕಿಕೊಂಡು ಇದೇ ಮಾತು ಹೇಳಿದರೆ ಅದು ಸುಮ್ನೆ ಜಂಬ.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಬಟನ್ ಒತ್ತಿದಾಗ ಒಳಗಿನ ಕನ್ನಡಿ ಮೇಲೇಳುತ್ತದೆ. ಆ ಕನ್ನಡಿ ಇಲ್ಲದಿದ್ದರೆ ಅದರ ಅದುರು ಇರುವುದಿಲ್ಲ, ಅಷ್ಟೇ. ಕೈಯ ಅದುರು ಇದ್ದೇ ಇರುತ್ತದೆ. 35ರಲ್ಲಿ ಕಾಣುವುದಕ್ಕಿಂತ 90ರಲ್ಲಿ ಅದು ಎರಡೂವರೆ ಪಟ್ಟು ಜಾಸ್ತಿ ಕಾಣುತ್ತದೆ. 90 ಲೆನ್ಸಿಗೆ 1/90 ಸೆಕೆಂಡ್ ಸಾಕು ಅನ್ನುವ ಹಳೆಯ ಲೆಕ್ಕ ಚಿಕ್ಕ ಪ್ರಿಂಟಿಗೆ ಸರಿ. ಈಗ ಎಲ್ಲರೂ ಸ್ಕ್ಯಾನ್ ಮಾಡಿ, ಹಿಗ್ಗಿಸಿ, ರೆಪ್ಪೆಗೂದಲು ಹುಡುಕುತ್ತೇವೆ ಅಲ್ವಾ? ಹಾಗಾಗಿ 1/250ಕ್ಕಿಂತ ಕೆಳಗೆ ಇಳಿಯಬೇಡಿ. 400 ಐಎಸ್‌ಒ ವೇಗದ ಫಿಲ್ಮ್ ಇದ್ದರೆ ನೆರಳಿನಲ್ಲೂ ಎಫ್/4ಕ್ಕೆ (ಇದು ಲೆನ್ಸಿನ ಕಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು) 1/500 ಹತ್ತಿರ ಸಿಗುತ್ತದೆ.

ಇಷ್ಟು ಮಾಡಿದ ಮೇಲೂ ಫೋಟೋ ಮೆತ್ತಗೆ ಬಂತು ಅಂದರೆ ಕೈಯನ್ನು ಬೈಯುವ ಮೊದಲು ನೆಗೆಟಿವ್ ನೋಡಿ. ಕೈ ಅದುರಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಕಣ್ಣೊಳಗಿನ ಬೆಳಕಿನ ಚುಕ್ಕಿ ಸಣ್ಣ ಗೀಟಾಗಿರುತ್ತದೆ. ಹಾಗಲ್ಲದೆ ಕಣ್ಣು ಮಸುಕು, ಆದರೆ ಕಿವಿಯ ಓಲೆ ಚೊಕ್ಕವಾಗಿದೆ ಅಂದರೆ ಅಲ್ಲಿ ಫೋಕಸ್ ತಪ್ಪಿದೆ. ನನ್ನ ಪ್ರಕಾರ ಲಾಂಗ್ ಲೆನ್ಸಿನ ದೂರುಗಳಲ್ಲಿ ಈ ಎರಡನೆಯದೇ ಜಾಸ್ತಿ.

ಯಾಕೆ ಅಂತೀರಾ? 90 ಲೆನ್ಸು, ಎಫ್/2, ಎರಡು ಮೀಟರ್ ದೂರದಲ್ಲಿ ಒಂದು ಮುಖ. ಚೊಕ್ಕವಾಗಿ ಬರುವ ಆಳ ಹಿಂದೆ ಮುಂದೆ ಸೇರಿ ಸುಮಾರು 6 ಸೆಂಟಿಮೀಟರ್. ನೀವು ಫೋಕಸ್ ಮಾಡಿ, ಫ್ರೇಮ್ ಸರಿ ಮಾಡಿ, ಉಸಿರು ಎಳೆದು ಬಟನ್ ಒತ್ತುವಷ್ಟರಲ್ಲಿ ನಿಮ್ಮ ದೇಹವೇ ಅದರ ಅರ್ಧದಷ್ಟು ವಾಲಿರುತ್ತದೆ. ಎಫ್/4ಕ್ಕೆ ಇಳಿಸಿದರೆ ಆ ಆಳ ಎರಡು ಪಟ್ಟಾಗುತ್ತದೆ. ದುಡ್ಡು ಕೊಟ್ಟಿದ್ದು ಎಫ್/2ಕ್ಕೆ ಅನ್ನುವ ಸಂಕಟ ನನಗೂ ಗೊತ್ತು!

ಕ್ಯಾಮೆರಾದ ಪಾಲೂ ಇದೆ. 1954ರ ಲೈಕಾ ಎಂ3ಯ ವ್ಯೂಫೈಂಡರ್ ವಸ್ತುವನ್ನು ಹೆಚ್ಚುಕಡಿಮೆ ಇದ್ದ ಗಾತ್ರದಲ್ಲೇ, 0.91 ಪಟ್ಟು, ತೋರಿಸುತ್ತದೆ. ಆಮೇಲೆ ಬಂದ ಎಂ6ನಲ್ಲಿ ಅದು 0.72. ರೇಂಜ್‌ಫೈಂಡರಿನ ಎರಡು ಕಿಟಕಿಗಳ ನಡುವಿನ ಅಂತರವನ್ನು ಇದರಿಂದ ಗುಣಿಸಿದರೆ ಎಂ3ಗೆ ಸುಮಾರು 63 ಮಿಲಿಮೀಟರ್, ಎಂ6ಗೆ ಸುಮಾರು 50. ಈ ಅಂಕಿ ದೊಡ್ಡದಾದಷ್ಟೂ ಫೋಕಸ್ ನಿಖರ. ಎಂ6 ಇರುವವರು ವ್ಯೂಫೈಂಡರಿಗೆ ತಿರುಗಿಸಿ ಕೂರಿಸುವ 1.25 ಪಟ್ಟಿನ ಮ್ಯಾಗ್ನಿಫೈಯರ್ ತಗೊಳ್ಳಿ. 50 ಹೋಗಿ 62ರ ಸುತ್ತ ಬರುತ್ತದೆ. ಹೊಸ ಲೆನ್ಸಿಗೆ ದುಡ್ಡು ಕೂಡಿಡುವ ಮೊದಲು ಇದು.

ಇನ್ನು ಕೈಗೆ ಬರೋಣ. ವ್ಯೂಫೈಂಡರಿನ ನಡುವೆ ಎರಡು ಬಿಂಬ ಕಾಣುವ ಚಿಕ್ಕ ಚೌಕ, ಅಂದರೆ ಪ್ಯಾಚ್ ಒಳಗೆ ನೇರ ನಿಂತ ಗೆರೆ ಹುಡುಕಿ: ಕನ್ನಡಕದ ಅಂಚು, ಮೂಗಿನ ಪಕ್ಕ. ಅಡ್ಡ ಗೆರೆ ಏನೂ ಹೇಳುವುದಿಲ್ಲ, ಅದೇ ಇದ್ದರೆ ಕ್ಯಾಮೆರಾ ತಿರುಗಿಸಿ ಹಿಡಿಯಿರಿ. ರಿಂಗನ್ನು ಯಾವಾಗಲೂ ಅನಂತದಿಂದ ಹತ್ತಿರಕ್ಕೆ, ಒಂದೇ ಕಡೆಗೆ ತಿರುಗಿಸಿ. ಎರಡು ಬಿಂಬ ಸೇರುವ ಹೊತ್ತಿಗೆ ರಿಂಗ್ ಬಿಟ್ಟು ಮೈಯನ್ನೇ ತುಸು ಮುಂದೆ ಹಿಂದೆ ಮಾಡಿ. ಸೇರಿದ ಕ್ಷಣಕ್ಕೇ ಒತ್ತಿ. ಮೊಣಕೈ ಪಕ್ಕೆಗೆ ಒತ್ತಿರಲಿ, ಎಡಗೈ ಲೆನ್ಸಿನ ಕೆಳಗಿರಲಿ. ಗೋಡೆ ಸಿಕ್ಕರೆ ಒರಗಿ, ನಾಚಿಕೆ ಬೇಡ.

135 ಲೆನ್ಸ್? ಎಂ3 ಇದ್ದರೆ ಖಂಡಿತ ಹಾಕಿ, ಅದರಲ್ಲಿ 135ಕ್ಕೆ ಚಿತ್ರದ ಅಂಚು ತೋರಿಸುವ ಫ್ರೇಮ್ ಗೆರೆ ಚೆನ್ನಾಗಿದೆ. ಎಂ6ನಲ್ಲಿ ಆ ಫ್ರೇಮು ಎಷ್ಟು ಚಿಕ್ಕದೆಂದರೆ ಮುಖದ ಭಾವನೆಯೇ ಕಾಣದು. ನಾನಾದರೆ 90ರಲ್ಲೇ ಎರಡು ಹೆಜ್ಜೆ ಮುಂದೆ ಹೋಗುತ್ತೇನೆ.